ಬಾವಿಯನ್ನು ಬಿಟ್ಟುಕೊಟ್ಟವರು

ಸಭಾಂಗಣದ ಬೀಗದ ಕೈಯನ್ನು ಕಿಸೆಯಲ್ಲಿಟ್ಟುಕೊಂಡು ನಾತೂರ್, ಅಂದರೆ ಕಟ್ಟಡದ ಕಾವಲುಗಾರ, ಎಲ್ಲೋ ಹೋಗಿಬಿಡಬಹುದಿತ್ತು. ಎ.ಸಿ. ಕೈಕೊಡಬಹುದಿತ್ತು. ಮೊಳೆ ಹೊಡೆಯುವಾಗ ಗೋಡೆಯ ಗಾರೆ ಕಳಚಿ ಬೀಳಬಹುದಿತ್ತು. ಯಾರೂ ಬಾರದಿರಬಹುದಿತ್ತು, ಇಲ್ಲವೇ ಎಲ್ಲರೂ ಬಂದು ಚಾ ಸಾಲದೇ ಹೋಗಬಹುದಿತ್ತು. ‘ನೆಲ ಯಾರದು, ಬೇಲಿ ದಾಟಿದವರು ಯಾರು’ ಎಂಬ ನಮ್ಮ ಪ್ರದರ್ಶನದ ಬೋರ್ಡು ಓದಿ, ಬಾಡಿಗೆ ಮನೆಯಲ್ಲಿರುವ ಪರದೇಶಿಗಳಿಗೆ ಯಾಕೆ ಈ ಉಸಾಬರಿ ಎಂದು ಯಾರಾದರೂ ಕೇಳಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯ, ನನ್ನ ಅಮ್ಮ ಬಾಯಿ ತೆರೆಯಬಹುದಿತ್ತು.

ಎಂಬತ್ತರ ದಶಕದ ಆರಂಭ. ಕೊಲ್ಲಿ ನಾಡಿನ ಮನಾಮಾದಲ್ಲಿ ಬಿಡುವಿದ್ದಾಗ ಬಣ್ಣ ಹಚ್ಚುವ ಚಟದ ನಾವು ಐವರು ಕರಾವಳಿಯವರು ಸೇರಿ ಚಿತ್ರಪ್ರದರ್ಶನಕ್ಕೆ ಹೊರಟಿದ್ದೆವು. ಐವರ ಮನೆಯಲ್ಲೂ ಒಂದಲ್ಲ ಒಂದು ಗಡಿ ತಕರಾರು ಇದ್ದುದರಿಂದ ವಿಷಯಕ್ಕಾಗಿ ಹುಡುಕಬೇಕಾಗಲಿಲ್ಲ.

ನನ್ನ ಕಷ್ಟ ಬೇರೆ. ಐವರಲ್ಲಿ ಒಬ್ಬ, ಕಟ್ಟಡ ಕಂಪೆನಿಯೊಂದರ ಡ್ರಾಫ್ಟ್ಸ್‌ಮನ್, ಊರಿನಲ್ಲಿ ನಮ್ಮ ಕೆಳಮನೆಯವನು. ಅವರು ನಮ್ಮ ಒಕ್ಕಲಾಗಿದ್ದರು. ಭೂಸುಧಾರಣೆ ಬಂದಾಗ ಅವನ ಅಪ್ಪ ಉಳುವ ಗದ್ದೆ ತಮಗೆ ಸಿಗಬೇಕೆಂದು ಡಿಕ್ಲರೇಶನ್ ಹಾಕಿದರು, ಗದ್ದೆ ಅವರದಾಯಿತು. ಆಮೇಲೆ ಎರಡೂ ಮನೆಯ ಅಪ್ಪಂದಿರು ಮಾತು ಬಿಟ್ಟರು. ಗಡಿಯ ಮೇಲೇ ಕೂತಿದ್ದ ಬಾವಿ ಯಾರದೆಂಬುದು ಮಾತ್ರ ತೀರ್ಮಾನವಾಗಲಿಲ್ಲ. ಇಲ್ಲಿ ನಾವಿಬ್ಬರು ಪ್ರತಿ ಶುಕ್ರವಾರ ಒಂದೇ ಮೇಜಿನಲ್ಲಿ ಉಂಡು, ಗದ್ದೆಯ ಸುದ್ದಿಯೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡುತ್ತಿದ್ದೆವು. ಮೊಮ್ಮಗುವನ್ನು ನೋಡಲು ಬಂದಿದ್ದ ಅಮ್ಮನಿಗೆ ಈ ಸ್ನೇಹದ ವಿಷಯ ನಾನು ಹೇಳಿರಲಿಲ್ಲ. ಅವರು ಎಲ್ಲರೆದುರು ಏನಾದರೂ ಅಂದರೆ ಆ ಶುಕ್ರವಾರಗಳು ಅಲ್ಲಿಗೇ ಮುಗಿಯುತ್ತವೆ ಎಂದು ಒಂದು ವಾರ ನನಗೆ ಅನ್ನ ಇಳಿಯಲಿಲ್ಲ. ಹೆಂಡತಿ ಇದನ್ನು ಹೊಟ್ಟೆನೋವೆಂದು ತಿಳಿದು ಜೀರಿಗೆ ಕಷಾಯ ಕುಡಿಸಿದಳು.

ಪ್ರದರ್ಶನದ ದಿನ ನಮ್ಮಿಬ್ಬರ ಚಿತ್ರಗಳು ಪಕ್ಕಪಕ್ಕ ತೂಗುತ್ತಿದ್ದವು. ಇಬ್ಬರೂ ಬರೆದದ್ದು ಅದೇ ಗದ್ದೆ. ಅವನಿಗೆ ನೋವಾಗದಿರಲೆಂದು ನಾನು ಬಾವಿಯನ್ನು ಅವರ ಗದ್ದೆಯೊಳಗೆ ಬರೆದಿದ್ದೆ. ಅವನ ಚಿತ್ರದಲ್ಲಿ ಅದು ನಮ್ಮ ಅಂಗಳದಲ್ಲಿತ್ತು.

“ಇದೆಂತ ಮಾರಾಯ?” ಎಂದೆ.

“ನಿನ್ನ ಅಮ್ಮ ಬರ್ತಾರಂತಲ್ಲ, ಹಾಗೆ ಕೊಟ್ಟುಬಿಟ್ಟೆ,” ಎಂದ. ಆಮೇಲೆ ನನ್ನ ಚಿತ್ರದ ಬಾವಿಯತ್ತ ಬಗ್ಗಿ ನೋಡಿದ.

ಒಂದು ಚಿತ್ರವನ್ನಾದರೂ ಇಳಿಸಿಡಲು ಸಮಯವಿರಲಿಲ್ಲ. ಅಮ್ಮ ಆಗಲೇ ಸೊಸೆಯ ಜತೆ ಒಳಗೆ ಬಂದು, ಉಳಿದ ಮೂವರ ಚಿತ್ರಗಳನ್ನು ಒಂದೇ ನೋಟದಲ್ಲಿ ಮುಗಿಸಿ, ನೇರ ನಮ್ಮ ಮುಂದೆ ನಿಂತಿದ್ದರು. ಎರಡನ್ನೂ ನೋಡಿದರು. ಇನ್ನೊಮ್ಮೆ ನೋಡಿದರು. ಗೆಳೆಯ ಕೈಕಟ್ಟಿಕೊಂಡು ತಾನು ಕೆಳಮನೆಯ ಎರಡನೆಯವನೆಂದು ಹೇಳಹೊರಟ.

“ಗೊತ್ತುಂಟು ಮಗಾ. ಅಪ್ಪನ ಮೂಗೇ ಅಲ್ವಾ,” ಎಂದರು ಅಮ್ಮ. “ಬಾವಿಗೆ ಕಾಲು ಬಂದದ್ದು ಯಾವಾಗ? ನಾನು ಹೊರಡುವಾಗ ಗಡಿಯಲ್ಲೇ ಇತ್ತು.”

ಅಮ್ಮ ಮುಂದುವರಿಸಿದರು. “ಅತ್ತ ನಿನ್ನ ಅಮ್ಮ ಸೇದ್ತಾಳೆ, ಇತ್ತ ನಾನು. ಗಂಡಸರು ಮಾತು ಬಿಟ್ಟರೂಂತ ನಾವು ನೀರು ಬಿಡ್ಲಿಕ್ಕಾಗ್ತದಾ? ನೀವಿಬ್ಬರು ಶುಕ್ರವಾರ ಒಟ್ಟಿಗೆ ಉಣ್ಣುವುದು ಅವಳೇ ನಂಗೆ ಹೇಳಿದ್ದು. ಇವ ಬಾಯಿ ಬಿಡ್ತಾನಾ ನೋಡ್ವಾಂತ ನಾನೂ ಸುಮ್ಮನಿದ್ದೆ.”

ಗೆಳೆಯ ನಕ್ಕುಬಿಟ್ಟ. ನನಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು. ವಾರವಿಡೀ ಕಷಾಯ ಕುಡಿದವನು ನಾನಲ್ಲವೇ.

ಬಾವಿ ನಿಜವಾಗಿ ಇರಬೇಕಾದದ್ದು ಎಲ್ಲಿ ಎಂದು ತೋರಿಸಲು ಅಮ್ಮ ನನ್ನ ಚಿತ್ರದಲ್ಲಿ ಬಾವಿಯ ಮೇಲೆ ಬೆರಳಿಟ್ಟು ಗಡಿಯ ತನಕ ಎಳೆದರು. ಹಿಂದಿನ ದಿನವಷ್ಟೇ ಮುಗಿಸಿದ್ದ ತೈಲಬಣ್ಣ. ಬಾವಿಯ ಕಪ್ಪು ನೀರೆಲ್ಲ ಬೆರಳಿಗೆ ಬಂತು. ಅಮ್ಮ ಅದನ್ನು ಅಭ್ಯಾಸಬಲದಿಂದ ಸೆರಗಿಗೆ ಒರೆಸಿಕೊಂಡರು. ಅದು ಹೆಂಡತಿ ಅಮ್ಮನಿಗೆಂದು ಸೂಕ್ ಪೇಟೆಯೆಲ್ಲ ಸುತ್ತಿ ಆರಿಸಿ ತಂದಿದ್ದ ಹೊಸ ರೇಷ್ಮೆ ಸೀರೆ.

ಅಷ್ಟೇ, ಕೆಟ್ಟದ್ದು ಅದೊಂದೇ. ಒಂದು ಬಾವಿಗೆ ಅಷ್ಟು ದಪ್ಪ ಬಣ್ಣ ಬಳಿಯಲು ನಿಮಗೆ ಹೇಳಿದವರು ಯಾರು ಎಂದು ಹೆಂಡತಿ ಟ್ಯಾಕ್ಸಿ ಅರಾದ್‌ನ ನಮ್ಮ ಮನೆ ಮುಟ್ಟುವ ತನಕ ಕೇಳುತ್ತಲೇ ಇದ್ದಳು.