ತಿಲಕರತ್ನನ ಹೆಸರಿನ ಬಾಟಲಿ

ಬಾಟಲಿಯನ್ನು ಬೆಳಗಿನ ಏಳು ಗಂಟೆಯೊಳಗೆ ವಿಹಾರದ ಧರ್ಮಶಾಲೆಗೆ ತಲುಪಿಸಬೇಕಿತ್ತು. ಕಿಡ್ನಿ ಪರೀಕ್ಷೆಗೆ ಎದ್ದ ಕೂಡಲೇ ಹೊಯ್ಯುವ ಮೊದಲ ಮೂತ್ರವೇ ಬೇಕು ಎಂದು ಅನುರಾಧಪುರದಿಂದ ಬಂದಿದ್ದ ಡಾಕ್ಟರ್ ಹಂಸನಿ ಎರಡೆರಡು ಸಲ ಹೇಳಿದ್ದರು. ನಮ್ಮ ಊರು ತಿಂಬಿರಿವೆವದಲ್ಲಿ ಮನೆಗೊಂದು ಬಾಟಲಿ, ಅದೂ ರೈತ ಸಂಘದ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಯಸವತಿಯ ಮನೆಗೆ ಬಂದ ಬಾಟಲಿಯ ಮೇಲೆ ಅವಳ ಗಂಡ ತಿಲಕರತ್ನನ ಹೆಸರಿತ್ತು.

"ನಾನು ಕೊಡಲ್ಲ," ಅಂದ ಅವನು. ಅವನ ಅಣ್ಣ ಕಿಡ್ನಿ ಹೋಗಿ ಸತ್ತು ಎರಡು ವರ್ಷವಾಗಿತ್ತು. "ಇಲ್ಲದ ಕಾಯಿಲೆನ ಇವರೇ ಹುಡುಕಿ ಕೈಗೆ ಕೊಟ್ಟು ಹೋಗ್ತಾರೆ."

"ಕೊಡದಿದ್ರೆ ಹೆಸರು ಹೊಡೆದು ಹಾಕ್ತಾರಂತೆ. ಶುದ್ಧ ನೀರು ಮೊದಲು ಪಟ್ಟೀಲಿರೋ ಮನೆಗಳಿಗೇ ಅಂತೆ."

"ಹಾಗಾದ್ರೆ ನೀನೇ ತುಂಬಿಸ್ಕೋ," ಎಂದು ಸೈಕಲ್ ಹತ್ತಿ ಕೆರೆಯ ಕಡೆ ಹೋದ.

ಅವಳು ತುಂಬಿಸಿದಳು. ಅವನು ಬಿಟ್ಟೆದ್ದ ಕೆಲಸವನ್ನು ಮುಗಿಸುವುದು ಅವಳಿಗೆ ಹೊಸದಾಗಿರಲಿಲ್ಲ.

ರೈತರ ಪಟ್ಟಿಯಲ್ಲಿ ಯಸವತಿ ಇರಲಿಲ್ಲ. ಗ್ರಾಮಾಧಿಕಾರಿಯ ಕಾಗದದಲ್ಲಿ ಅವಳು ಗೃಹಿಣಿ. ನಾಲ್ಕಕ್ಕೆ ಎದ್ದು ಒಲೆ ಹಚ್ಚಿ, ಅನ್ನ, ತೆಂಗಿನಕಾಯಿ ಚಟ್ನಿಯಂಥ ಸಂಬೋಲ ಮಾಡಿ, ಬುತ್ತಿ ಕಟ್ಟಿ, ಆರೂವರೆಗೆ ಕೆಸರಿನಲ್ಲಿ ಬಗ್ಗಿದರೆ ಅವಳು ಸೊಂಟ ನೆಟ್ಟಗೆ ಮಾಡುತ್ತಿದ್ದುದು ಮಧ್ಯಾಹ್ನಕ್ಕೆ. ನಾಟಿ ಅವಳದು, ಕಳೆ ಅವಳದು. ಗದ್ದೆಯಲ್ಲಿ ಗಂಡಸರಿಗೆ ಕಂಡ ಬದುವೆಲ್ಲ ಮೂತ್ರಕ್ಕೆ ಜಾಗ. ಹೆಂಗಸರಿಗೆ ಕಣ್ಣು ಹಾಯುವಷ್ಟು ದೂರ ಮರೆಯಿಲ್ಲ. ಅದಕ್ಕೇ ನಮ್ಮ ಹೆಂಗಸರು ಬೆಳಿಗ್ಗೆ ಒಂದು ಲೋಟ ಕಪ್ಪು ಚಹಾ ಕುಡಿದರೆ ಮತ್ತೆ ಸಂಜೆಯವರೆಗೆ ನೀರು ಮುಟ್ಟುವುದಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸಿಕೊಟ್ಟದ್ದಲ್ಲ.

ಎರಡು ವಾರದ ಮೇಲೆ ಡಾಕ್ಟರ್ ಮನೆಗೇ ಬಂದರು.

"ತಿಲಕರತ್ನ ಮಾಮಾ, ಹೆದರಬೇಡಿ. ಕೆರೆ ಏರಿ ಒಡೆಯೋಕೆ ಮುಂಚೆ ಹೊರಗಡೆ ಮಣ್ಣು ಒದ್ದೆ ಆಗುತ್ತಲ್ಲ? ಕಿಡ್ನಿಗೆ ಪೆಟ್ಟು ಬಿದ್ರೆ ಹಾಗೇ ಒಂದು ಅಂಶ ಮೂತ್ರದಲ್ಲಿ ಜಿನುಗುತ್ತೆ. ರಕ್ತ ಪರೀಕ್ಷೇಲಿ ಗೊತ್ತಾಗೋಕೆ ವರ್ಷಗಳೇ ಬೇಕು. ನಿಮ್ಮದು ಈಗಲೇ ಸಿಕ್ಕಿದೆ, ಒಳ್ಳೇದಾಯ್ತು. ಗದ್ದೇಲಿ ನೀರು ಕುಡಿಯೋದೇ ಇಲ್ವಾ ನೀವು?"

"ನಾನಾ? ಒಂದು ಕೊಡ ಕುಡೀತೀನಲ್ಲ!" ಎಂದು ಅವನು ಹೆಂಡತಿಯ ಕಡೆ ನೋಡಿದ. 'ನೀನೇ ತುಂಬಿಸ್ಕೋ' ಎಂದು ತಾನು ಹೇಳಿದ್ದು ಅವನಿಗೆ ನೆನಪಿರಲಿಲ್ಲ. ಬಾಟಲಿ ಯಾರು ತುಂಬಿಸಿದರೆಂದು ಅವನು ಕೇಳಿಯೂ ಇರಲಿಲ್ಲ.

ಯಸವತಿ ಒಲೆಯ ಮುಂದೆ ಇಬ್ಬರಿಗೂ ಬೆನ್ನು ಮಾಡಿ ನಿಂತಿದ್ದಳು. ಒದ್ದೆಯಾಗಿರುವುದು ಯಾರ ಏರಿ ಎಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಬಿಸಿಲಿಗೆ ಹೋಗಬಾರದು, ಔಷಧ ಹೊಡೆಯಬಾರದು, ದಿನಕ್ಕೆ ಮೂರು ಲೀಟರ್ ಶುದ್ಧ ನೀರು. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ತಿಲಕರತ್ನ ಆವತ್ತಿನಿಂದಲೇ ಜಗಲಿ ಹಿಡಿದ. ಅವನ ಪಾಲಿನ ಕೆಲಸಗಳು ತಾವಾಗಿಯೇ ಅವಳ ಕಡೆ ಬಂದವು. ಬದು ಕಟ್ಟುವುದು, ಬೆನ್ನಿಗೆ ಡಬ್ಬಿ ಹೊತ್ತು ಔಷಧ ಹೊಡೆಯುವುದು, ಎರಡು ಮೈಲಿ ಆಚೆಯಿಂದ ಸೈಕಲ್ ಮೇಲೆ ನೀರಿನ ಕ್ಯಾನ್ ತರುವುದು. ಆ ನೀರನ್ನು ಲೋಟಕ್ಕೆ ಬಗ್ಗಿಸಿ ಅವನಿಗೆ ಕೊಡುತ್ತಿದ್ದಳು. ತನಗೆ ಬಾವಿಯ ಗಡಸು ನೀರೇ. ನೆರೆಯವರು ಕೆಂದೆಳನೀರು ತಂದರೆ ಕೆತ್ತಿ ಅವನ ಕೈಗಿಡುತ್ತಿದ್ದಳು.

ಹೇಳಬಹುದಿತ್ತು. ಆದರೆ ಹೆದರಿಕೆ ಹಿಡಿದ ಮೇಲೆ ಗಂಡ ಕುಡಿತ ಬಿಟ್ಟಿದ್ದ. ಸಂಜೆ ಅವಳು ಬರುವ ದಾರಿ ನೋಡುತ್ತಿದ್ದ. "ಇವತ್ತು ಎಷ್ಟು ಕಳೆ ಆಯ್ತು?" ಎಂದು ಕೇಳುತ್ತಿದ್ದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು. ಇನ್ನೊಂದು, ತಾನು ಮಲಗಿದರೆ ಒಲೆ ಹಚ್ಚುವವರು ಯಾರು ಎಂಬುದು ಅವಳಿಗೆ ಹೊಳೆಯಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೇ ಮೂರು ತಿಂಗಳು ಕಳೆದವು. ಅಷ್ಟರಲ್ಲಿ ಅವಳ ಬೆನ್ನಿನ ಕೆಳಗೆ ಒಂದು ನೋವು ಬಂದು ಕೂತಿತ್ತು.

ಎರಡನೆಯ ಸಲ ತಿಲಕರತ್ನ ತಾನೇ ಎದ್ದು, ತಾನೇ ತುಂಬಿಸಿ, ತಾನೇ ಒಯ್ದು ಕೊಟ್ಟ.

ಫಲಿತಾಂಶ ಹೇಳುವ ದಿನ ಧರ್ಮಶಾಲೆ ತುಂಬಿತ್ತು. ಯಸವತಿ ಮೂಲೆಯಲ್ಲಿ ಉಳಿದ ಹೆಂಗಸರ ಜೊತೆ ಚಹಾ ಸೋಸುತ್ತಿದ್ದಳು.

"ತಿಲಕರತ್ನ ಮಾಮಾನ ನೋಡಿ," ಡಾಕ್ಟರ್ ಮುಖ ಅರಳಿತ್ತು. "ಏನೂ ಜಿನುಗ್ತಿಲ್ಲ. ನೀರು, ವಿಶ್ರಾಂತಿ, ಅಷ್ಟೇ. ಬೇರೆ ಊರುಗಳಲ್ಲೂ ನಾವು ಇದನ್ನೇ ಹೇಳ್ತೀವಿ."

ಗಂಡಸರು ತಿಲಕರತ್ನನ ಬೆನ್ನು ತಟ್ಟಿದರು. ಅವನು ಮದುಮಗನ ಹಾಗೆ ಕೂತಿದ್ದ.

ಯಸವತಿ ಸೋಸುವ ಜರಡಿ ಕೆಳಗಿಟ್ಟಳು. "ಡಾಕ್ಟರಮ್ಮಾ, ಬೇರೆ ಊರಿಗೆ ಹಾಗೆ ಹೇಳಬೇಡಿ. ಮೊದಲನೇ ಬಾಟ್ಲಿ ಇವರದಲ್ಲ. ನಂದು."

ಸಂಘದ ಮುದುಕ ಕಿರಿಬಂಡಾ, "ಏನೋ ತಿಲಕೆ, ನಿನ್ನ ಉಚ್ಚೆನೂ ಹೆಂಡ್ತಿನೇ ಹೊಯ್ದು ಕೊಡಬೇಕೇನೋ?" ಅಂದ. ಧರ್ಮಶಾಲೆಗೆ ಧರ್ಮಶಾಲೆಯೇ ನಕ್ಕಿತು. ಚಹಾದ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡರು. ತಿಲಕರತ್ನ ಎದ್ದು ಹೊರಗೆ ಹೋದ.

ನಗದೆ ಇದ್ದವರು ಡಾಕ್ಟರ್ ಒಬ್ಬರೇ. "ಅಕ್ಕಾ, ಮೂರು ತಿಂಗಳಿಂದ ನೀವೇನು ಮಾಡ್ತಿದ್ರಿ?"

"ಇವರ ಕೆಲಸ. ನಂದೂ ಇತ್ತಲ್ಲ, ಅದೂ."

ಡಾಕ್ಟರ್ ಹೊಸ ಬಾಟಲಿ ತೆಗೆದು ಅದರ ಮೇಲೆ ಅವಳ ಹೆಸರು ಬರೆದರು. ವಾರದೊಳಗೆ ಫೋನ್ ಬಂತು: ಮೊದಲಿಗಿಂತ ಹೆಚ್ಚಾಗಿದೆ, ಮಂಗಳವಾರ ದೊಡ್ಡಾಸ್ಪತ್ರೆಗೆ ಬರಬೇಕು.

ಅಷ್ಟು ದಿನವೂ ಗಂಡ ಮಾತಾಡಿರಲಿಲ್ಲ. ಅವಳಿಗೆ ಕಾಯಿಲೆ ಎನ್ನುವುದಕ್ಕಿಂತ ಊರು ನಕ್ಕದ್ದು ಅವನಿಗೆ ದೊಡ್ಡದಾಗಿತ್ತು. ಸಂಜೆ ಮತ್ತೆ ಕುಡಿಯಲು ಹೊರಟಿದ್ದ. "ಮಂಗಳವಾರ ಆಸ್ಪತ್ರೆಗೆ ಬರ್ತೀರಾ?" ಎಂದು ಕೇಳಿದಳು.

"ಗದ್ದೆಗೆ ನೀರು ಬಿಡೋ ಸರದಿ ಇದೆ," ಅಂದ, ಮುಖ ನೋಡದೆ.

ಆ ಮಂಗಳವಾರ ಅವಳು ಮಧ್ಯಾಹ್ನದ ಅನ್ನವನ್ನೂ ಮಾಡಿ ಮುಚ್ಚಿಟ್ಟು, ಆರರ ಬಸ್ಸು ಹಿಡಿದಳು. ಆಸ್ಪತ್ರೆಯ ಕಾರಿಡಾರಿನ ಉದ್ದಕ್ಕೂ ಗಂಡಸರು ಕುರ್ಚಿಗಳಲ್ಲಿ, ಅವರ ಹಿಂದೆ ಹೆಂಡತಿಯರು ಚೀಲ, ನೀರಿನ ಬಾಟಲಿ, ಕಡತ ಹಿಡಿದು ನಿಂತಿದ್ದರು. ಯಸವತಿಯೂ ಅಭ್ಯಾಸಬಲದಿಂದ ಗೋಡೆಗೊರಗಿ ನಿಂತಳು.

ನರ್ಸ್ ಕಡತ ತೆಗೆದುಕೊಂಡು, "ಪೇಶೆಂಟ್ ಎಲ್ಲಮ್ಮ?" ಎಂದು ಅವಳ ಹಿಂದೆ ಮುಂದೆ ನೋಡಿದಳು.

"ನಾನೇ."

"ಓ. ಜೊತೇಲಿ ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

"ಮುಂದಿನ ಸಲ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಈಗ ಕೂತ್ಕೊಳ್ಳಿ, ಯಾಕೆ ನಿಂತಿದ್ದೀರಿ?"

ಖಾಲಿ ಇದ್ದ ಕುರ್ಚಿಯ ಅಂಚಿನಲ್ಲಿ ಅವಳು ಕೂತಳು. ಯಾರನ್ನು ಕರೆದುಕೊಂಡು ಬರುವುದು ಎಂದು ತನ್ನ ಹೆಸರು ಕೂಗುವವರೆಗೂ ಯೋಚಿಸಿದಳು.