ಮಿರ್ಯಾಮಳಿಗಾಗಿ ಕಾದವರು

ಮೊನ್ನೆ ಕ್ಯಾಂಪಿನ, ಅಂದರೆ ಊರಿನ ದಂಡುಪ್ರದೇಶದ, ಹಳೆಯ ಗಿಡಮೂಲಿಕೆ ಅಂಗಡಿಯ ಮುಂದೆ ಹಾದುಹೋಗುವಾಗ ಬಾವಂಚಿ ಎಣ್ಣೆಯ ವಾಸನೆ ಬಂದು ನಿಂತುಬಿಟ್ಟೆ. ಕಹಿ, ಒಗರು, ಸೀದ ಎಳ್ಳಿನಂಥ ವಾಸನೆ. ನನ್ನ ಬಾಲ್ಯದ ಎಷ್ಟೋ ಬೆಳಗುಗಳಿಗೆ ಇದೇ ವಾಸನೆಯಿತ್ತು. ಕರುಣಾ ಅತ್ತೆ, ಅಂದರೆ ನನ್ನ ತಂದೆಯ ತಂಗಿ, ಆ ಎಣ್ಣೆಯನ್ನು ಕೈಗೂ ತುಟಿಯ ಸುತ್ತಲೂ ಹಚ್ಚಿಕೊಂಡು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಎಳೆಬಿಸಿಲಿಗೆ ಕೂತಿರುತ್ತಿದ್ದಳು. ಅವಳಿಗೆ ತೊನ್ನು ಇತ್ತು. ಬೀದಿಯ ಮರಾಠಿ ಹೆಂಗಸರು ಅದನ್ನು ‘ಕೋಡ’ ಎನ್ನುತ್ತಿದ್ದರು, ದನಿ ತಗ್ಗಿಸಿ.

ನಮ್ಮದು ಕ್ಯಾಂಪಿನ ಒಳಗಲ್ಲಿಯ ಹೆಂಚಿನ ಬಾಡಿಗೆ ಮನೆ. ಅಜ್ಜ ಧಾರವಾಡದ ಕಡೆಯಿಂದ ಈ ಮರಾಠಿ ಸೀಮೆಗೆ ನೌಕರಿಗೆ ಬಂದು ಇಲ್ಲೇ ನೆಲೆಸಿದವನು. ನಾನು ಅವನನ್ನು ಕಂಡಿಲ್ಲ. ಅಪ್ಪ, ಅಮ್ಮ ಇದ್ದರೂ, ನನಗೆ ನೆನಪಿರುವ ಮನೆಯನ್ನು ತುಂಬಿಕೊಂಡಿದ್ದವರು ಅಜ್ಜಿ ಮತ್ತು ಅತ್ತೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವರಿಬ್ಬರ ವಾದ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಸತ್ಯವೇದ, ನಮ್ಮ ಕನ್ನಡ ಬೈಬಲ್ಲು, ಓದುವಳು. ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದ ಅತ್ತೆ ಮಕ್ಕಳ ಪಾಟಿ ತಿದ್ದುವ ಹಾಗೆ ನಡುನಡುವೆ ತಡೆಯುವಳು. ಉಪ್ಪು ಎಂದರೇನು, ದೀಪದ ಎಣ್ಣೆ ಎಂದರೇನು, ಕುರಿಮರಿ ಯಾಕೆ, ಸಿಂಹ ಯಾಕಲ್ಲ? ಹತ್ತಿರದ ಸಾಸವಡ ಊರಿನ ಅಂಜೂರ ಮಾರುಕಟ್ಟೆಗೆ ಬಂದ ದಿನಗಳಲ್ಲಿ ಅತ್ತೆ ಒಂದು ಹಣ್ಣನ್ನು ಬಿಡಿಸಿ, ಕೆಂಪು ತಿರುಳು ತೋರಿಸಿ ಕೇಳುತ್ತಿದ್ದಳು: “ಹಣ್ಣಿನ ಕಾಲ ಅಲ್ಲ ಅಂತ ಅಲ್ಲೇ ಬರದೈತಿ. ಹಂಗಿದ್ದ ಮ್ಯಾಲ ಆ ಅಂಜೂರದ ಗಿಡ ಪ್ರಭುವಿನ ಶಾಪ ಉಣ್ಣೂವಂಥಾ ತಪ್ಪು ಏನ್ ಮಾಡಿತ್ತವ್ವ?” ಅಜ್ಜಿಗೆ ಸಿಟ್ಟು ಬರುತ್ತಿತ್ತು, ಆದರೆ ಹಣ್ಣಿನ ಅರ್ಧ ಪಾಲು ಬಿಡುತ್ತಿರಲಿಲ್ಲ. ಬಾಯಿಯಲ್ಲಿ ಅಂಜೂರದ ಬೀಜ ಕಟಕಟ ಎನ್ನುತ್ತಿರಲು ನಾನು ಇಬ್ಬರ ಮುಖ ನೋಡುತ್ತ ಕೂತಿರುತ್ತಿದ್ದೆ. ಆ ಮಾತುಗಳಲ್ಲಿ ಎಷ್ಟು ಅರ್ಥವಾಗುತ್ತಿತ್ತೋ ಕಾಣೆ. ಒಂದು ಮಾತಿನೊಳಗೆ ಇನ್ನೊಂದು ಮಾತು ಇರಬಹುದು ಎಂಬುದಂತೂ ನನಗೆ ಅಲ್ಲಿಯೇ ತಿಳಿದದ್ದು.

ಬಿಳಿ ಕಲೆ ಮೊದಲು ಅತ್ತೆಯ ಬೆರಳಿನ ಮೇಲೆ ಕಂಡಿತು, ಆಮೇಲೆ ತುಟಿಯ ಅಂಚಿನಲ್ಲಿ. ಇದು ಯಾರಿಗೂ ಅಂಟುವುದಲ್ಲ ಎಂದು ಡಾಕ್ಟರು ಹೇಳಿದರು. ಅಜ್ಜಿ ಡಾಕ್ಟರರ ಮಾತಿಗೆ ತಲೆಯಾಡಿಸಿ ಬಂದು, ಆ ಸಂಜೆ ಮಿರ್ಯಾಮಳ ಕಥೆ ತೆಗೆದಳು. ಮಿರ್ಯಾಮಳು ಮೋಶೆಯ ಅಕ್ಕ. ತಮ್ಮನ ವಿರುದ್ಧ ಮಾತಾಡಿದ್ದಕ್ಕೆ ದೇವರು ಸಿಟ್ಟಾಗಿ, ಅವಳ ಚರ್ಮ ಹಿಮದಂತೆ ಬೆಳ್ಳಗಾಯಿತು, ದಾರಿಯ ಪಾಳ್ಯದ ಹೊರಗೆ ಏಳು ದಿನ ಇರಬೇಕಾಯಿತು. ಅದನ್ನು ಓದಿ ಅಜ್ಜಿ ಕನ್ನಡಕ ತೆಗೆದಳು. “ನೀ ಭಾಳ ಮಾತಾಡತಿ ಕರುಣಾ. ಉಪವಾಸ ಮಾಡು, ಅರಿಕೆ ಮಾಡ್ಕೋ.” ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ತಿಕ್ಕಿದಳು. ತಾಯಿಯ ಬಾಯಿಂದ ಅಂಥ ಮಾತು ಬಂದಾಗ ಮನೆ ಹೇಗೆ ತಣ್ಣಗಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಭಾನುವಾರ ಮಧ್ಯಾಹ್ನ ಚರ್ಚಿನಲ್ಲಿ ನಡೆಯುತ್ತಿದ್ದ ನಮ್ಮ ಪುಟ್ಟ ಕನ್ನಡ ಆರಾಧನೆಗೆ, ಸಭೆಯವರೆಲ್ಲ ಹಂಚಿ ತಿನ್ನುವ ಪ್ರಭುಭೋಜನದ ರೊಟ್ಟಿಯನ್ನು ಸುಡುತ್ತಿದ್ದವಳು ಅತ್ತೆಯೇ. ದುಂಡನೆಯ ಅಲ್ಯೂಮಿನಿಯಂ ಓವನ್ನಿನಲ್ಲಿ ಅದು ಉಬ್ಬಿ ಕೆಂಪಗಾಗುತ್ತಿತ್ತು. ಕಲೆ ಮೊಣಕೈವರೆಗೆ ಏರಿದ ಮೇಲೆ ಸಭೆಯಲ್ಲಿ ಗುಸುಗುಸು ಎದ್ದಿತು. ಒಂದು ಸಂಜೆ ಸಭಾಪಾಲಕರು ಮನೆಗೆ ಬಂದು, ಚಹಾದ ಕಪ್ಪನ್ನೇ ನೋಡುತ್ತ, “ಸ್ವಲ್ಪ ದಿವಸ ಬೇಕರಿಯಿಂದ ತರಸೂಣಂತ್ರಿ ಕರುಣಾಬಾಯಿ,” ಎಂದರು. ಒಳ್ಳೆಯ ಮನುಷ್ಯ, ಆದರೆ ಅಂಜುಬುರುಕ. ಅತ್ತೆ ಸಿಟ್ಟಾಗಲಿಲ್ಲ. “ಆಗಲಿ ಅಯ್ನೋರ. ಆದ್ರ ಈ ಸಲ ಹೆಣ್ಮಕ್ಕಳ ಕೂಟದಾಗ ದೇವರ ವಾಕ್ಯ ನಾ ಹೇಳತೀನಿ.”

ಕೂಟ ಸೇರಿದ್ದು ನಮ್ಮ ಮನೆಯಲ್ಲೇ. ಚಾಪೆ ತುಂಬಿ ಹೆಂಗಸರು ಹೊಸ್ತಿಲವರೆಗೂ ಕೂತಿದ್ದರು. ಅತ್ತೆ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳದೆ, ಪುಟ ತಿರುವುತ್ತ ಮಾತಾಡಿದಳು. “ಮಿರ್ಯಾಮಳ ಚರ್ಮ ಹಿಮದಂಗ ಬಿಳಿ, ಖರೆ. ಆದ್ರ ದೇವರು ತೊಳದ ಪಾಪನೂ ಹಿಮದಂಗ ಬಿಳಿ ಆಗ್ತೈತಿ ಅಂತ ಪ್ರವಾದಿ ಹೇಳ್ಯಾನ. ಪರಲೋಕದಾಗ ನಿಂತವರ ನಿಲುವಂಗಿನೂ ಬಿಳಿ. ಒಂದ ಬಿಳಿಗೆ ಒಂದ ಅರ್ಥ ಅಂತ ನೀವ್ಯಾಕ ಹಿಡಕೊಂಡ್ರಿ?” ಆಮೇಲೆ ಯಾಜಕರ ನಿಯಮವನ್ನು ತೋರಿಸಿದಳು: ಮೈಯೆಲ್ಲ ಬೆಳ್ಳಗಾದವನನ್ನು ಯಾಜಕನು ಶುದ್ಧನೆಂದೇ ಹೇಳಬೇಕು. “ಹಂಗಾರ ನಾ ಪೂರಾ ಬೆಳ್ಳಗಾಗೂ ಮಟ ಕಾಯತೀರೇನ್ರಿ?” ಯಾರೋ ಹಿಂದೆ ನಕ್ಕರು, ಯಾರೋ ಅತ್ತರು. ಹೆಚ್ಚಿನವರು ಚಹಾ ಮುಟ್ಟದೆ ಎದ್ದುಹೋದರು. ಅಜ್ಜಿ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಮುಂದಿನ ದಿನಗಳಲ್ಲಿ ಅವಳು ಹಗಲಲ್ಲೂ ಕನ್ನಡಕ ಹಾಕಿಕೊಂಡು ಮಿರ್ಯಾಮಳ ಅಧ್ಯಾಯದ ಮೇಲೆ ಬೆರಳಿಟ್ಟು ಕೂತದ್ದನ್ನು ನಾನು ನೋಡಿದೆ.

ಪ್ರಭುಭೋಜನದ ಭಾನುವಾರ ಅತ್ತೆ ಎಂದಿನಂತೆ ರೊಟ್ಟಿ ಸುಟ್ಟಳು. “ಸುಡೂದು ನನ್ನ ಕೆಲಸ, ತಗೊಳ್ಳೂದು ಅವರ ಕೆಲಸ,” ಎಂದು ಬಿಳಿ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆರಾಧನೆಯಲ್ಲಿ ಕೂತಳು. ಮೇಜಿನ ಮೇಲೆ ಬೇಕರಿಯ ರೊಟ್ಟಿ ಇತ್ತು. ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಮೊದಲು ಏಳುವುದು ರೂಢಿ. ಅಂದು ಕರೆ ಬಂದರೂ ಅವಳು ಏಳಲಿಲ್ಲ. ಅವಳನ್ನು ದಾಟಿ ಹೋಗಲು ಯಾರಿಗೂ ಧೈರ್ಯವಾಗಲಿಲ್ಲ. ಹಾಡು ಮುಗಿಯಿತು. ಸಭಾಪಾಲಕರು ಕೆಳಗಿಳಿದು ಬಂದು, “ಮೊಣಕಾಲು ನೋಯತಾವೇನ್ರಿ ಅಮ್ಮಾ?” ಎಂದರು.

“ಮೊಣಕಾಲು ಗಟ್ಟಿ ಅದಾವ್ರಿ,” ಎಂದಳು ಅಜ್ಜಿ, ಎಲ್ಲರಿಗೂ ಕೇಳುವಂತೆ. “ಮಿರ್ಯಾಮ ಪಾಳ್ಯದ ಹೊರಗ ಇದ್ದಾಗ ಮಂದಿ ಒಂದ ಹೆಜ್ಜಿ ಮುಂದ ಇಡಲಿಲ್ರಿ. ಆಕಿನ್ನ ಒಳಗ ಕರಕೊಂಡ ಮ್ಯಾಲನ ಹೊಂಟರು. ಇಷ್ಟು ವರ್ಷ ನಾ ಅದನ್ನ ಓದೇ ಇರಲಿಲ್ಲ. ನನ್ನ ಮಗಳ ರೊಟ್ಟಿ ಮೇಜಿಗೆ ಬರಲಿ, ಏಳತೀನಿ.”

ಸಭಾಪಾಲಕರು ಅತ್ತೆಯ ಕಡೆ ತಿರುಗಿದರು. ಆಮೇಲೆ ಎರಡೂ ಕೈ ಚಾಚಿ ಅತ್ತೆಯಿಂದ ಆ ಗಂಟನ್ನು ತೆಗೆದುಕೊಂಡರು. ಅಜ್ಜಿ ಎದ್ದಳು, ಅತ್ತೆಯ ಬೆಳ್ಳನೆಯ ಕೈ ಹಿಡಿದುಕೊಂಡೇ ನಡೆದಳು. ಕೆಲವರು ಹೊರಗೆ ಹೋದರು. ಒಂದು ಕುಟುಂಬ ಮತ್ತೆ ಬರಲೇ ಇಲ್ಲ. ಉಳಿದವರು ತಿಂದರು. ಅಂದು ಸಂಜೆ ಮನೆಯಲ್ಲಿ ಇಬ್ಬರೂ ಮತ್ತೆ ಜಗಳಕ್ಕೆ ಕೂತರು, ಸತ್ಯವೇದದ ಯಾವುದೋ ಮುತ್ತಿನ ಸಾಮ್ಯಕಥೆಯ ಮೇಲೆ. ನನ್ನ ತಾಯಿ ಒಲೆಯ ಮುಂದೆ ನಗುತ್ತ ಕಣ್ಣೊರೆಸಿಕೊಂಡಳು.

ಅಜ್ಜಿ ಹೋಗಿ ಎಷ್ಟೋ ವರ್ಷಗಳಾದವು. ಅತ್ತೆ ಕೊನೆಕೊನೆಗೆ ಪೂರ್ತಿ ಬೆಳ್ಳಗಾಗಿದ್ದಳು; ಹೊಸಬರು ಅವಳನ್ನು ಪಾರ್ಸಿ ಹೆಂಗಸೆಂದು ತಿಳಿಯುತ್ತಿದ್ದರು, ಅವಳು ತಿದ್ದುತ್ತಿರಲಿಲ್ಲ. ಹೆಂಚಿನ ಮನೆ ಕೆಡವಿ ಕಟ್ಟಡ ಎದ್ದಿದೆ. ಕನ್ನಡ ಆರಾಧನೆ ಜನರಿಲ್ಲದೆ ನಿಂತಿದೆ. ಸ್ಮಶಾನದಲ್ಲಿ ಅವರಿಬ್ಬರ ಕಲ್ಲುಗಳು ಅಕ್ಕಪಕ್ಕ ಇವೆ. ಅವುಗಳ ಅಕ್ಷರಗಳನ್ನು ಕೆತ್ತಿದವನಿಗೆ ಕನ್ನಡ ಬರುತ್ತಿರಲಿಲ್ಲ, ನಾನು ಬರೆದುಕೊಟ್ಟದ್ದನ್ನು ಚಿತ್ರದಂತೆ ನೋಡಿ ಕೆತ್ತಿದ. ಸುತ್ತಲಿನ ಕಲ್ಲುಗಳನ್ನು ಬಂದುಹೋಗುವವರು ಓದುತ್ತಾರೆ. ಈ ಎರಡರ ಮುಂದೆ ಕ್ಷಣ ನಿಂತು, ಕನ್ನಡ ಬಾರದೆ, ಮುಂದೆ ಸಾಗುತ್ತಾರೆ. ಆದ್ದರಿಂದ ಹೋದಾಗಲೆಲ್ಲ ಹುಲ್ಲು ಕಿತ್ತು, ಕಲ್ಲು ಒರೆಸಿ, ಇಬ್ಬರ ಹೆಸರನ್ನೂ ನಾನೇ ಒಮ್ಮೆ ಗಟ್ಟಿಯಾಗಿ ಓದಿ ಬರುತ್ತೇನೆ.