ಆಯಾ ಅವರ ಎದುರಿಗೇ ಹೇಳಿದ ಸುಳ್ಳು

ಚೆನ್ನೈನ ಕೋಡಂಬಾಕ್ಕಂನಲ್ಲಿ ಬಾಡಿಗೆ ಮನೆಯ ಮುಂಗೋಣೆಯಲ್ಲಿ ನಾನು ಆರು ಮಕ್ಕಳ ಡೇಕೇರ್ ನಡೆಸುತ್ತಿದ್ದೆ. ಸಹಾಯಕ್ಕೆ ರಾಯಪುರಂನಿಂದ ಬರುವ ಒಬ್ಬ ಆಯಾ. ನಾಲ್ಕು ವರ್ಷ ಮಕ್ಕಳನ್ನು ನನಗಿಂತ ಚೆನ್ನಾಗಿ ನೋಡಿಕೊಂಡವರು. ಪ್ಲಗ್ ಪಾಯಿಂಟುಗಳಿಗೆ ಮುಚ್ಚಳ ಹಾಕಿಸಿದ್ದು, ಫಿನಾಯಿಲ್ ಬಾಟಲಿಯನ್ನು ಅಟ್ಟಕ್ಕೇರಿಸಿದ್ದು ಅವರೇ.

ಆಟಿಕೆ ತುಂಬಿದ ಡ್ರಾಯರ್ ಬೀರು ಒಂದು ಮಾತ್ರ ಉಳಿದಿತ್ತು. ಮೇಲಿನ ಡ್ರಾಯರ್ ಎಳೆದರೆ ಅದು ಮುಂದಕ್ಕೆ ವಾಲುತ್ತಿತ್ತು. “ಮೇಡಂ, ಇದು ಆಡುದು. ಸ್ಕ್ರೂ ಪೋಟ್ಟಿಡುಂಗ,” ಅಲ್ಲಾಡುತ್ತದೆ, ಗೋಡೆಗೆ ಸ್ಕ್ರೂ ಹಾಕಿಸಿ ಎಂದು ಅವರು ತಮಿಳಿನಲ್ಲಿ ಮೂರು ಸಲ ಹೇಳಿದ್ದರು. ಗೋಡೆಗೆ ಒಂದು ಮೊಳೆ ಹೊಡೆದರೂ ಮನೆ ಓನರ್ ಕೂಗಾಡುತ್ತಿದ್ದರು. ಅವರ ಬಾಯಿಗೆ ಹೆದರಿ ನಾನು ಮುಂದೂಡುತ್ತಲೇ ಬಂದೆ.

ಒಂದು ಮಧ್ಯಾಹ್ನ ಎರಡೂವರೆ ವರ್ಷದ ಹುಡುಗಿ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಮೇಲೆ ಹತ್ತಿದಳು. ಬೀರು ವಾಲಿತು. ನಾನು ಕಿರುಚುತ್ತ ನಿಂತೆ. ಆಯಾ ಓಡಿಹೋಗಿ ಕೈ ಅಡ್ಡ ಕೊಟ್ಟರು. ಮಗುವಿನ ಹಣೆ ತರಚಿತು, ಅಷ್ಟೆ. ಅವರ ಮೊಣಕೈ ನೋಡನೋಡುತ್ತಿದ್ದಂತೆ ಊದಿಕೊಂಡಿತು.

ಮಗುವಿನ ತಾಯಿ ಹಾಸನದ ಕಡೆಯವಳು. ನುಂಗಂಬಾಕ್ಕಂನ ಆಫೀಸಿನಿಂದ ಆಟೋ ಹಿಡಿದು ಬಂದಳು.

“ಹೇಗಾಯ್ತು ಆಂಟಿ?”

“ನಾನು ಒಳಗಿದ್ದೆ ಕಣಮ್ಮ. ಇವಳು ಡ್ರಾಯರ್ ಮುಚ್ಚೋದು ಮರೆತಿದ್ಲು.”

ಆಯಾ ಪಕ್ಕದಲ್ಲೇ ಕೈಗೆ ಐಸ್ ಒತ್ತಿಕೊಂಡು ಕೂತಿದ್ದರು. ತಮಿಳಿನವರು, ಕನ್ನಡ ಗೊತ್ತಾಗುವುದಿಲ್ಲ ಎಂಬ ಧೈರ್ಯ ನನಗೆ. ಅವರನ್ನು ‘ಇವಳು’ ಎಂದದ್ದೂ ಅದೇ ಮೊದಲು. ಅವರು ತಲೆ ಎತ್ತಲಿಲ್ಲ.

ಮಾರನೆಯ ದಿನ ಅವರು ಬರಲಿಲ್ಲ. ಫೋನ್ ಮಾಡಿದೆ.

“ನಂಗೆ ಕನ್ನಡ ಬರುತ್ತೆ ಮೇಡಂ,” ಎಂದರು, ನಿಧಾನವಾಗಿ, ಕನ್ನಡದಲ್ಲೇ. “ನಿಮ್ಮನೇಲೇ ಕಲ್ತೆ.”

ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಮಕ್ಕಳ ಮುಖ ನೋಡುವುದಕ್ಕೂ ನಾಚಿಕೆ.

ಭಾನುವಾರ ರಾಯಪುರಂಗೆ ಹೋದೆ. ಅವರ ಕೈಗೆ ಪ್ಲಾಸ್ಟರ್ ಹಾಕಿತ್ತು. ಕ್ಷಮಿಸಿ ಎಂದೆ, ಅವರು ಕುರ್ಚಿ ತೋರಿಸಿದರು. ಅವರೆದುರೇ ಆ ತಾಯಿಗೆ ಫೋನ್ ಮಾಡಿದೆ. ಎಚ್ಚರಿಸಿದ್ದು ಆಯಾ, ಕಿವಿಗೆ ಹಾಕಿಕೊಳ್ಳದವಳು ನಾನು, ಸುಳ್ಳು ಹೇಳಿದವಳೂ ನಾನೇ ಎಂದೆ. ಅವಳು, “ಅವರಿಗೆ ಫೋನ್ ಕೊಡಿ,” ಎಂದಳು. ಅವಳು ಏನು ಹೇಳಿದಳೋ, ಆಯಾ ಅಳತೊಡಗಿದರು.

ಆ ಮಗುವನ್ನು ತಾಯಿ ಮತ್ತೆ ನಮ್ಮಲ್ಲಿಗೆ ಕಳಿಸಲಿಲ್ಲ. ಬೀರು ಬಿಗಿಸಿದೆ, ಓನರ್ ಹತ್ತಿರ ಬೈಸಿಕೊಂಡೆ. ಕೈ ವಾಸಿಯಾದ ಮೇಲೆ ಆಯಾ ಆ ತಾಯಿಯ ಮನೆಗೇ ಕೆಲಸಕ್ಕೆ ಸೇರಿದರು. ಒಮ್ಮೆ ಬಸ್ ಸ್ಟಾಪಿನಲ್ಲಿ ಮಗುವಿನ ಜೊತೆ ಸಿಕ್ಕಿ, “ಚೆನ್ನಾಗಿದ್ದೀರಾ ಮೇಡಂ?” ಎಂದು ಕೇಳಿದರು. ಹೂಂ ಎಂದೆ. ಕೈ ಹೇಗಿದೆ ಎಂದು ನಾನು ಕೇಳಬೇಕಿತ್ತು. ಕೇಳದೆ ಬಸ್ ಹತ್ತಿದೆ.